ಮಾಡಿಸಿದ ಟೂಲ್ ಕೈಕೊಟ್ಟಾಗ: ಪುಲ್ಲರ್, ಸಾಕೆಟ್, ಡ್ರಿಫ್ಟ್‌ಗಳ ದೋಷ ಹುಡುಕುವುದು

ಯಾವ ಗ್ಯಾರೇಜಿನ ಟೂಲ್ ಬೋರ್ಡ್ ನೋಡಿದರೂ ಕಂಪನಿ ಹೆಸರಿಲ್ಲದ ಟೂಲ್‌ಗಳು ಒಂದಷ್ಟು ನೇತಾಡುತ್ತಿರುತ್ತವೆ. ಅವೆಲ್ಲ ಲೇತ್ ಶಾಪಿನಲ್ಲಿ, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರವಿರುವ ಅಂಗಡಿಯಲ್ಲಿ ಮಾಡಿಸಿದವು. ಹಬ್ ಎಳೆಯುವ ಪುಲ್ಲರ್, ಕಿಂಗ್ ಪಿನ್ (ಮುಂದಿನ ಚಕ್ರ ಪಕ್ಕಕ್ಕೆ ತಿರುಗುವ ಗೂಟ) ಬುಷ್ ಕೂರಿಸುವ ಡ್ರಿಫ್ಟ್ (ಬಡಿದು ಒತ್ತುವ ರಾಡ್), ಬೈಕಿನ ಕ್ಲಚ್ ನಟ್ ಬಿಚ್ಚುವ ನಾಲ್ಕು ಹಲ್ಲಿನ ಸಾಕೆಟ್, ಫ್ಲೈವೀಲ್ ತಿರುಗದಂತೆ ಹಿಡಿಯುವ ಪಟ್ಟಿ. ಕಂಪನಿ ಟೂಲ್ ತರಿಸಿದರೆ ದುಡ್ಡು ಜಾಸ್ತಿ, ಬರುವುದೂ ತಡ. ಅಷ್ಟರೊಳಗೆ ಗಾಡಿ ಮಾಲೀಕರ ಫೋನು ನಿಂತಿರುವುದಿಲ್ಲ.

ದಾವಣಗೆರೆ ಕಡೆ ಈ ರೂಢಿ ಗಟ್ಟಿಯಾಗಿ ನಿಂತಿದ್ದಕ್ಕೆ ಕಾರಣವೂ ಇದೆ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳನ್ನೇ ತಯಾರಿಸುತ್ತಿತ್ತು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಅಲ್ಲಿಂದ ಬಂದ ಲೇತ್‌ಗಳು ಮಾತ್ರ ಈ ಕಡೆಯ ಶೆಡ್‌ಗಳಲ್ಲಿ ಇನ್ನೂ ತಿರುಗುತ್ತಿವೆ. ಹೆದ್ದಾರಿ 48 ಊರ ಪಕ್ಕದಲ್ಲೇ ಹಾದುಹೋಗುತ್ತದೆ. ಚಿತ್ರದುರ್ಗದಲ್ಲಿ ಅದಕ್ಕೆ ಹೆದ್ದಾರಿ 50 ಬಂದು ಸೇರುತ್ತದೆ. ಲಾರಿ ಕೆಲಸಕ್ಕೆ ಬರವಿಲ್ಲ. ಗುಜರಿಯಲ್ಲಿ ಲಾರಿಯ ಕಮಾನು ಪಟ್ಟಿಗೂ (ಲೀಫ್ ಸ್ಪ್ರಿಂಗ್) ಬರವಿಲ್ಲ.

ಮಾಡಿಸಿದ ಟೂಲ್ ಮುರಿದರೆ, ಬಾಗಿದರೆ, ಜಾರಿದರೆ ಲೇತ್ ಶಾಪಿಗೆ ಬರುವ ಬೇಡಿಕೆ ಒಂದೇ. "ಅಣ್ಣಾ, ಇದನ್ನ ಇನ್ನೂ ದಪ್ಪ ಮಾಡಿ ಕೊಡ್ರಿ." ದಪ್ಪ ಮಾಡಿಕೊಡುವುದು ಸುಲಭ. ಆದರೆ ದಪ್ಪ ಸಾಲದೆ ಕೆಟ್ಟ ಟೂಲ್‌ಗಳು ನಿಜಕ್ಕೂ ಕಡಿಮೆ. ಒತ್ತಡ ತಪ್ಪು ದಾರಿಯಲ್ಲಿ ಹೋಗಿರುತ್ತದೆ, ಅಳತೆ ಸಡಿಲವಾಗಿರುತ್ತದೆ, ಇಲ್ಲವೇ ಲೋಹದ ಹದ ತಪ್ಪಿರುತ್ತದೆ. ಇವನ್ನು ಹಾಗೇ ಬಿಟ್ಟು ದಪ್ಪ ಮಾಡಿದರೆ ಟೂಲ್ ಉಳಿದು ಗಾಡಿಯ ಪಾರ್ಟ್ ಮುರಿಯುತ್ತದೆ. ಅದು ಇನ್ನೂ ದುಬಾರಿ, ಅಲ್ವಾ?

ಮೊದಲು ಕೆಲಸ ನೋಡಿ, ಆಮೇಲೆ ಟೂಲ್

ಟೂಲ್ ಯಾವಾಗ ಕೈಕೊಟ್ಟಿತು ಎಂದು ಕೇಳಿಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇಷ್ಟು ದಿನ ಇದೇ ಮಾಡೆಲ್ ಗಾಡಿಗೆ ಸಲೀಸಾಗಿ ಕೆಲಸ ಮಾಡಿದ ಟೂಲ್ ಇವತ್ತು ಇದ್ದಕ್ಕಿದ್ದಂತೆ ಬಾಗಿದರೆ ಮೊದಲು ಅನುಮಾನ ಪಡಬೇಕಾದದ್ದು ಗಾಡಿಯನ್ನೇ. ಹೊಸ ಟೂಲ್ ಮೊದಲ ಸಲವೇ ಜಾರಿದರೆ ಅಳತೆ ಅಥವಾ ಆಕಾರದ ತಪ್ಪು. ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಹಿಡಿತ ಬಿಡುತ್ತಾ ಬಂದಿದ್ದರೆ ಸವೆತ, ಇಲ್ಲವೇ ಲೋಹ ಮೆತ್ತಗಿದೆ ಎಂದರ್ಥ.

ಗಾಡಿಯಲ್ಲಿ ನೋಡಬೇಕಾದವು ಹೀಗಿವೆ. ಬೇರಿಂಗ್ ಹಿಂದೆ ಸರ್ಕ್ಲಿಪ್ (ಬೇರಿಂಗ್ ಜಾರದಂತೆ ತಡೆಯುವ ರಿಂಗ್) ಉಳಿದಿದೆಯೇ? ಕೊಳೆ ಮತ್ತು ಗ್ರೀಸ್ ಮುಚ್ಚಿದ ಸರ್ಕ್ಲಿಪ್ ಕಣ್ಣಿಗೆ ಬೀಳುವುದೇ ಇಲ್ಲ. ಕಿಂಗ್ ಪಿನ್ ಆದರೆ ಅದನ್ನು ಹಿಡಿದಿರುವ ಕಾಟರ್ (ಬೆಣೆ) ಪೂರ್ತಿ ಹೊರಗೆ ಬಂದಿದೆಯೇ? ಬೈಕಿನ ಮ್ಯಾಗ್ನೆಟೋ (ಕರೆಂಟ್ ಹುಟ್ಟಿಸುವ ಫ್ಲೈವೀಲ್) ಆದರೆ ಪುಲ್ಲರ್ ಹಾಕುವ ಥ್ರೆಡ್ ಎಡವೋ ಬಲವೋ? ಕೆಲವು ಬೈಕುಗಳಲ್ಲಿ ಎಡ ಥ್ರೆಡ್ ಬರುತ್ತದೆ. ಬಲ ಥ್ರೆಡ್ಡಿನ ಪುಲ್ಲರ್ ಅಲ್ಲಿ ಒಂದೆರಡು ಸುತ್ತು ಹಿಡಿದ ಹಾಗೆ ಅನಿಸಿ, ಆಮೇಲೆ ಎರಡನ್ನೂ ಹಾಳು ಮಾಡುತ್ತದೆ.

ಗಾಡಿ ಎಲ್ಲಿಂದ ಬಂತು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಭದ್ರಾ ನಾಲೆ ಕೆಳಗಿನ ಗದ್ದೆಗಳಲ್ಲಿ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿಕೊಂಡು ಓಡಾಡಿದ ಟ್ರ್ಯಾಕ್ಟರಿನ ಹಬ್ಬಿಗೆ ಕೆಸರು ನೀರು ಇಳಿದು ತುಕ್ಕು ಹಿಡಿದಿರುತ್ತದೆ. ಚಳ್ಳಕೆರೆ ಕಡೆಯ ಗಾಡಿಯಲ್ಲಿ ಒಣ ಧೂಳು ಗ್ರೀಸಿನ ಜೊತೆ ಸೇರಿ ಗಟ್ಟಿಯಾಗಿರುತ್ತದೆ. ಮೊದಲನೆಯದಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು, ಬೇಕಿದ್ದರೆ ಬಿಸಿ ಕೊಡಬೇಕು. ಎರಡನೆಯದಕ್ಕೆ ಡೀಸೆಲ್ ಹಾಕಿ ಚೆನ್ನಾಗಿ ತೊಳೆದರೆ ಸಾಕು. ಎರಡಕ್ಕೂ ಒಂದೇ ಪುಲ್ಲರಿನಿಂದ ಒಂದೇ ಜೋರು ಹಾಕುವುದು ಸರಿಯಲ್ಲ.

ಗುರುತು ಓದಿ

ಟೂಲನ್ನು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು, ಒರೆಸಿ, ಬೆಳಕಿಗೆ ಹಿಡಿಯಿರಿ. ಮುರಿದ ಎರಡೂ ತುಂಡು ಬೇಕು. ತುಂಡುಗಳನ್ನು ಒಂದಕ್ಕೊಂದು ಒತ್ತಿ ನೋಡಬೇಡಿ, ಮುರಿದ ಮುಖದ ಗುರುತು ಅಳಿಸಿಹೋಗುತ್ತದೆ.

ಮುರಿಯುವ ಮೊದಲು ಬಾಗಿದೆ, ಎಳೆದುಕೊಂಡಿದೆ, ಮುರಿದ ಮುಖ ಮಂಕಾಗಿ ನಾರುನಾರಾಗಿದೆ ಎಂದರೆ ಲೋಹ ಮೆತ್ತಗಿತ್ತು ಅಥವಾ ಭಾರ ನಿಜಕ್ಕೂ ಜಾಸ್ತಿಯಾಯಿತು. ಚೂರೂ ಬಾಗದೆ ಪಟ್ಟನೆ ತುಂಡಾಗಿದೆ, ಮುಖ ಸಕ್ಕರೆ ಹರಳಿನ ಹಾಗೆ ಮಿನುಗುತ್ತಿದೆ ಎಂದರೆ ಲೋಹ ಅತಿ ಗಡಸಾಗಿತ್ತು. ಮುಖದ ಒಂದು ಭಾಗ ನುಣುಪಾಗಿ ಕಪ್ಪಿಟ್ಟು ಅಥವಾ ತುಕ್ಕು ಹಿಡಿದು, ಉಳಿದ ಭಾಗ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಬಿರುಕು ಹಳೆಯದು. ಇವತ್ತು ಮುರಿದದ್ದು ಉಳಿದ ಅಷ್ಟು ಮಾತ್ರ. ಅಂಥ ಬಿರುಕು ಸಾಮಾನ್ಯವಾಗಿ ಒಂದು ಚೂಪು ಮೂಲೆಯಿಂದಲೋ, ವೆಲ್ಡಿಂಗ್ ಅಂಚಿನಿಂದಲೋ, ಗ್ರೈಂಡರ್ ಗೀರಿನಿಂದಲೋ ಶುರುವಾಗಿರುತ್ತದೆ. ಹೊಸ ಟೂಲ್‌ನಲ್ಲಿ ಆ ಮೂಲೆಗೆ 3 ಮಿಮೀ ದುಂಡು ಕೊಡಿಸಿದರೆ ಸಾಕು. ದಪ್ಪ ಹಾಗೇ ಇರಲಿ.

ಜಾರುವ ಟೂಲ್‌ಗೆ ಇನ್ನೊಂದು ಪರೀಕ್ಷೆ. ಪಾರ್ಟ್ ಹಿಡಿಯುವ ಜಾಗಕ್ಕೆಲ್ಲ ಮಾರ್ಕರ್ ಪೆನ್ ಬಳಿಯಿರಿ. ಒಣಗಿದ ಮೇಲೆ ಟೂಲ್ ಕೂರಿಸಿ, ಸ್ವಲ್ಪವೇ ಜೋರು ಹಾಕಿ ತೆಗೆಯಿರಿ. ಮಸಿ ಎಲ್ಲಿ ಉಜ್ಜಿಹೋಗಿದೆಯೋ ಅಷ್ಟೇ ನಿಜವಾದ ಹಿಡಿತ. ಮೂರು ಕಾಲಿನ ಪುಲ್ಲರ್‌ನಲ್ಲಿ ಎರಡೇ ಕಾಲು ಕೆಲಸ ಮಾಡುತ್ತಿರುವುದು ಎಷ್ಟು ಸಲ ಹೀಗೆ ಸಿಕ್ಕಿಬೀಳುತ್ತದೆ ಎಂದರೆ, ಪುಲ್ಲರ್ ಬಗ್ಗೆ ದೂರು ಬಂದಾಗ ನಾನು ಮೊದಲು ಹುಡುಕುವುದು ಆ ಪೆನ್ನನ್ನೇ.

ಪುಲ್ಲರ್ ಕಾಲು ಜಾರುತ್ತಿದೆ

ಕೊಕ್ಕೆಯ ಒಳಮುಖ ನೋಡಿ. ಅದು ಚಪ್ಪಟೆಯಾಗಿ, ತುದಿಯಿಂದ ಒಳಕ್ಕೆ ಒಂದೆರಡು ಡಿಗ್ರಿ ಇಳಿಜಾರಾಗಿ ಇರಬೇಕು. ಆಗ ಎಳೆದಷ್ಟೂ ಕಾಲು ಒಳಕ್ಕೇ ಒತ್ತಿಕೊಳ್ಳುತ್ತದೆ. ಅಂಚು ಸವೆದು ದುಂಡಾಗಿದ್ದರೆ ಎಳೆದಷ್ಟೂ ಹೊರಕ್ಕೆ ಜಾರುತ್ತದೆ. ಮುಖವನ್ನು ಗ್ರೈಂಡ್ ಮಾಡಿ ಸರಿಪಡಿಸಬಹುದು. ಹಾಗೆ ಮಾಡುವಾಗ ಲೋಹ ನೀಲಿ ಬಣ್ಣಕ್ಕೆ ತಿರುಗದಂತೆ ಆಗಾಗ ನೀರಿಗೆ ಅದ್ದುತ್ತಿರಿ.

ಮುಖ ಸರಿಯಿದ್ದೂ ಜಾರಿದರೆ ಕಾಲುಗಳ ಓರೆ ನೋಡಿ. ಪಾರ್ಟಿಗೆ ಕಾಲು ಗಿಡ್ಡವಾಗಿದ್ದರೆ ಅಗಲಿಸಿ ನಿಲ್ಲಿಸಬೇಕಾಗುತ್ತದೆ, ಆಗ ಎಳೆತದ ಒಂದು ಪಾಲು ಹೊರಕ್ಕೇ ಹೋಗುತ್ತದೆ. ಕಾಲುಗಳು ಶಾಫ್ಟಿಗೆ ಸಮಾನಾಂತರವಾಗಿ ನಿಲ್ಲುವಷ್ಟು ಉದ್ದ ಮತ್ತು ಅಗಲ ಬೇಕು. ಇದಕ್ಕೆ ದಪ್ಪ ಕಾಲು ಪರಿಹಾರವಲ್ಲ, ಅಗಲವಾದ ಅಡ್ಡಪಟ್ಟಿ ಪರಿಹಾರ. ಕಾಲುಗಳ ಸುತ್ತ ಒಂದು ರಿಂಗ್ ಅಥವಾ ಕ್ಲಾಂಪ್ ಬಿಗಿದರೂ ಆಗುತ್ತದೆ.

ಬೇರಿಂಗ್ ಹಿಂದೆ ಕೊಕ್ಕೆ ಹೋಗುವಷ್ಟು ಜಾಗವೇ ಇಲ್ಲದಿದ್ದರೆ ಕಾಲನ್ನು ತೆಳ್ಳಗೆ ಉಜ್ಜುವವರಿದ್ದಾರೆ. ಬೇಡ. ಎರಡು ಹೋಳಿನ ಸೆಪರೇಟರ್ ಪ್ಲೇಟ್ ಮಾಡಿಸಿ. ಅದರ ಒಳಅಂಚು ಚೂಪಾಗಿದ್ದು ಬೋಲ್ಟ್ ಬಿಗಿದಂತೆ ಬೇರಿಂಗ್ ಹಿಂದೆ ತೂರಿಕೊಳ್ಳುತ್ತದೆ.

ಸ್ಕ್ರೂ ಬಿಗಿ ಬರುತ್ತಿದೆ, ಥ್ರೆಡ್ ಕಿತ್ತುಬರುತ್ತಿದೆ, ರಾಡ್ ಬಾಗಿದೆ

ಪುಲ್ಲರ್ ದೂರುಗಳಲ್ಲಿ ಜಾಸ್ತಿ ಬರುವುದು ಇದೇ. ಇಲ್ಲಿ ಸ್ವಲ್ಪ ಲೆಕ್ಕ ಬೇಕು.

ಎಂ16 (16 ಮಿಮೀ ದಪ್ಪದ) ಬೋಲ್ಟನ್ನು 100 ನ್ಯೂಟನ್ ಮೀಟರ್ (ತಿರುಚುವ ಜೋರಿನ ಅಳತೆ) ಬಿಗಿದರೆ, ಥ್ರೆಡ್ ಸಾಧಾರಣವಾಗಿದ್ದಾಗ, ಸುಮಾರು 3 ಟನ್ ಎಳೆತ ಬರುತ್ತದೆ. 30 ಸೆಂಟಿಮೀಟರ್ ಹ್ಯಾಂಡಲಿಗೆ ಒಬ್ಬರು 40 ಕಿಲೋ ಭಾರ ಹಾಕಿದರೆ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಈಗ ಆ ಹ್ಯಾಂಡಲಿಗೆ ಪೈಪ್ ಸಿಕ್ಕಿಸಿ 1 ಮೀಟರ್ ಮಾಡಿ. ಅದೇ 40 ಕಿಲೋಗೆ ಲೆಕ್ಕದ ಪ್ರಕಾರ 12 ಟನ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾಮೂಲಿ 4.6 ದರ್ಜೆಯ (ಬೋಲ್ಟಿನ ಗಟ್ಟಿತನ ಹೇಳುವ ಅಂಕಿ) ಎಂ16 ಥ್ರೆಡ್ ರಾಡ್ 3.5 ಟನ್ ಆಸುಪಾಸಿನಲ್ಲೇ ಹಿಗ್ಗಲು ಶುರು ಮಾಡುತ್ತದೆ. 8.8 ದರ್ಜೆಯದು 9 ಟನ್‌ವರೆಗೆ ತಡೆಯುತ್ತದೆ. ಅಂದರೆ ಪೈಪ್ ಹಾಕಿದ ಕೂಡಲೇ ಎರಡೂ ಸೋತವು. ಮುರಿದ ಬೋಲ್ಟ್ ತಲೆಯ ಮೇಲೆ ಅಂಕಿ ಇದೆಯೇ ನೋಡಿ. ಅಂಕಿಯೇ ಇಲ್ಲದಿದ್ದರೆ ಅದನ್ನು ಪುಲ್ಲರಿಗೆ ಹಾಕಬಾರದಿತ್ತು.

ರಾಡ್ ಹಿಗ್ಗಿದೆಯೇ ಎಂದು ತಿಳಿಯಲು ಹೊಸ ನಟ್ ಒಂದನ್ನು ಕೈಯಲ್ಲಿ ಪೂರ್ತಿ ಉದ್ದಕ್ಕೂ ಓಡಿಸಿ. ಒಂದು ಜಾಗದಲ್ಲಿ ಬಿಗಿಯಾದರೆ ಅಲ್ಲಿ ಥ್ರೆಡ್ ಎಳೆದುಕೊಂಡಿದೆ. ಎಂ16 ದಪ್ಪ ಥ್ರೆಡ್ಡಿನ ಪಿಚ್ (ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ಅಂತರ) 2 ಮಿಮೀ, ಹತ್ತು ಥ್ರೆಡ್ಡಿಗೆ ವರ್ನಿಯರ್ ಹಿಡಿದರೆ 20 ಮಿಮೀ ಬರಬೇಕು. ಜಾಸ್ತಿ ಬಂದರೆ ರಾಡ್ ಗುಜರಿಗೆ.

ರಾಡ್ ಸರಿಯಿದೆ, ಆದರೂ ತಿರುಗಿಸಲು ಕಷ್ಟ ಎಂದರೆ ಶಕ್ತಿ ಉಜ್ಜಾಟದಲ್ಲಿ ಹೋಗುತ್ತಿದೆ. ಬೋಲ್ಟ್ ಬಿಗಿಯಲು ಹಾಕುವ ಜೋರಿನಲ್ಲಿ ಹೆಚ್ಚುಕಡಿಮೆ ಅರ್ಧ ತಲೆಯ ಕೆಳಗಿನ ಉಜ್ಜಾಟಕ್ಕೆ, 40 ಶೇಕಡಾ ಥ್ರೆಡ್ಡಿನ ಉಜ್ಜಾಟಕ್ಕೆ ಹೋಗುತ್ತದೆ. ಎಳೆತವಾಗಿ ಸಿಗುವುದು 10 ಶೇಕಡಾ ಮಾತ್ರ. ಹಾಗಾಗಿ ಒಣ ಥ್ರೆಡ್ಡಿಗೆ ಮಾಲಿಬ್ಡಿನಂ ಗ್ರೀಸ್ ಹಚ್ಚಿ. ನಟ್ ತಿರುಗಿ ಎಳೆಯುವ ಟೂಲ್ ಆದರೆ ನಟ್ ಕೆಳಗೆ ಒಂದು ಥ್ರಸ್ಟ್ ಬೇರಿಂಗ್ ಇಡಿ. ಗುಜರಿಯಲ್ಲಿ ಸಿಕ್ಕ ಕಿಂಗ್ ಪಿನ್ ಥ್ರಸ್ಟ್ ಬೇರಿಂಗ್ ಚೆನ್ನಾಗಿದ್ದರೆ ಅದೇ ಸಾಕು. ಕೆಲಸ ಅರ್ಧ ಹಗುರಾಗುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಥ್ರಸ್ಟ್ ಬೇರಿಂಗ್ ಇಟ್ಟ ಮೇಲೂ ಹಳೆಯ ಅಭ್ಯಾಸದಲ್ಲಿ ಅಷ್ಟೇ ಜೋರು ಹಾಕಿದರೆ ಎಳೆತ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. "ಬೇರಿಂಗ್ ಹಾಕಿದ ಮೇಲೇ ರಾಡ್ ತುಂಡಾಯ್ತು ನೋಡ್ರಿ" ಎಂದು ಬರುವವರ ಕಥೆ ಇದೇ.

ಥ್ರೆಡ್ ಕಿತ್ತುಬಂದಿದ್ದರೆ ನಟ್ ನೋಡಿ. ಪ್ಲೇಟಿಗೆ ಮಾಮೂಲಿ ನಟ್ ಒಂದನ್ನು ವೆಲ್ಡ್ ಮಾಡಿರುತ್ತಾರೆ. ವೆಲ್ಡಿಂಗ್ ಬಿಸಿಗೆ ನಟ್ ಓರೆಯಾಗುತ್ತದೆ, ಒಳಗಿನ ಥ್ರೆಡ್ ಸ್ವಲ್ಪ ಮುದುಡುತ್ತದೆ. ಸ್ಕ್ರೂ ಪ್ಲೇಟಿಗೆ ನೇರ ನಿಂತಿದೆಯೇ ಎಂದು ಮೂಲೆಮಟ್ಟ (ಟ್ರೈ ಸ್ಕ್ವೇರ್) ಹಿಡಿದು ನೋಡಿ. ಓರೆಯಿದ್ದರೆ ಎಳೆತ ಒಂದು ಬದಿಯ ಥ್ರೆಡ್ ಮೇಲೆ ಮಾತ್ರ ಬೀಳುತ್ತದೆ, ರಾಡ್ ಬಾಗುವುದೂ ಇದೇ ಕಾರಣಕ್ಕೆ. ಉದ್ದನೆಯ ಕಪ್ಲಿಂಗ್ ನಟ್ ತಂದು, ಪ್ಲೇಟಿನ ತೂತಿನಲ್ಲಿ ಬಿಗಿಯಾಗಿ ಕೂರುವಂತೆ ಹೊರಮೈ ತಿರುಗಿಸಿ, ಕಾಲರ್ ಬಿಟ್ಟು, ಎಳೆತ ಕಾಲರ್ ಮೇಲೆ ಬೀಳುವಂತೆ ಮಾಡಿಸಿ. ಅದಕ್ಕೆ ವೆಲ್ಡಿಂಗೇ ಬೇಕಾಗುವುದಿಲ್ಲ. ಸವೆದರೆ ನಟ್ ಮಾತ್ರ ಬದಲಾಯಿಸಬಹುದು.

ಸ್ಕ್ರೂ ತುದಿ ಶಾಫ್ಟಿನ ಸೆಂಟರ್ ತೂತನ್ನು ಕೊರೆಯುತ್ತಿದ್ದರೆ ತುದಿಯಲ್ಲಿ ಒಂದು ಬೇರಿಂಗ್ ಗುಂಡು ಕೂರಿಸಿ. ಸುಮ್ನೆ ಒಂದು ಗುಂಡು, ಅಷ್ಟೇ.

ಇಷ್ಟೆಲ್ಲ ಮಾಡಿದ ಮೇಲೂ ಬರುತ್ತಿಲ್ಲ ಎಂದರೆ ಜೋರು ಹೆಚ್ಚಿಸುವ ಮೊದಲು ಬಿಸಿ ಕೊಡಿ. 50 ಮಿಮೀ ಒಳಅಳತೆಯ ರಿಂಗ್ ಶಾಫ್ಟಿಗಿಂತ 80 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 0.05 ಮಿಮೀ ಹಿಗ್ಗುತ್ತದೆ. ಬೇರಿಂಗ್ ಬಿಗಿತ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ಇರುತ್ತದೆ. ಮತ್ತೆ ಬಳಸಬೇಕಾದ ಬೇರಿಂಗ್ ಆದರೆ 120 ಡಿಗ್ರಿ ದಾಟಿಸಬೇಡಿ, ಗ್ಯಾಸ್ ಕಟ್ಟರ್ ಜ್ವಾಲೆಯನ್ನು ನೇರ ಹಿಡಿಯಲೇಬೇಡಿ.

ಕಮಾನು ಪಟ್ಟಿಯ ಕಥೆ

ನಮ್ಮ ಕಡೆ ಗಟ್ಟಿ ಟೂಲ್ ಬೇಕು ಎಂದರೆ ಎಲ್ಲರ ಕೈ ಹೋಗುವುದು ಕಮಾನು ಪಟ್ಟಿಗೆ. ಒಳ್ಳೆಯ ಲೋಹವೇ. ಅರ್ಧ ಶೇಕಡಾ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ ಕಾರ್ಬನ್ ಇರುವ ಸ್ಪ್ರಿಂಗ್ ಉಕ್ಕು. ತೊಂದರೆ ಬರುವುದು ಅದನ್ನು ಎಂಎಸ್ (ಮೈಲ್ಡ್ ಸ್ಟೀಲ್, ಮಾಮೂಲಿ ಮೆತ್ತಗಿನ ಉಕ್ಕು) ಪಟ್ಟಿಯ ಹಾಗೆ ನಡೆಸಿಕೊಂಡಾಗ.

ಮಾಮೂಲಿ 6013 ವೆಲ್ಡಿಂಗ್ ರಾಡ್ ಹಿಡಿದು ತಣ್ಣಗಿನ ಕಮಾನು ಪಟ್ಟಿಗೆ ವೆಲ್ಡ್ ಮಾಡಿದರೆ ವೆಲ್ಡಿಂಗ್ ಗಟ್ಟಿಯಾಗಿಯೇ ಕಾಣುತ್ತದೆ. ವೆಲ್ಡ್ ಪಕ್ಕದ ಒಂದೆರಡು ಮಿಮೀ ಜಾಗ ಮಾತ್ರ ಸಟ್ಟನೆ ತಣ್ಣಗಾಗಿ ಗಾಜಿನಷ್ಟು ಗಡಸಾಗಿರುತ್ತದೆ. ಮುರಿಯುವುದು ಅಲ್ಲೇ. ವೆಲ್ಡ್ ಪೂರ್ತಿ ಉಳಿದು ಅದರ ಪಕ್ಕದಲ್ಲೇ ಗೆರೆ ಎಳೆದಂತೆ ಬಿಟ್ಟುಕೊಂಡಿದ್ದರೆ ಕಾರಣ ಬೇರೆ ಹುಡುಕಬೇಡಿ. ಎರಡು ದಾರಿ ಇವೆ. ಮೊದಲೇ 250 ಡಿಗ್ರಿ ಆಸುಪಾಸು ಬಿಸಿ ಮಾಡಿ, ಒಣಗಿಸಿದ 7018 ರಾಡಿನಲ್ಲಿ ವೆಲ್ಡ್ ಮಾಡಿ, ಬೂದಿಯಲ್ಲೋ ಒಣ ಸುಣ್ಣದಲ್ಲೋ ಹೂತು ನಿಧಾನ ಆರಿಸುವುದು ಒಂದು. ವೆಲ್ಡಿಂಗ್ ಬಿಟ್ಟು ಬೋಲ್ಟ್ ಅಥವಾ ಪಿನ್ ಹಾಕಿ ಜೋಡಿಸುವುದು ಇನ್ನೊಂದು. ನನ್ನ ಮತ ಎರಡನೆಯದಕ್ಕೆ.

ಕೈಯಲ್ಲಿರುವುದು ಯಾವ ಲೋಹ ಎಂದೇ ಗೊತ್ತಿಲ್ಲದಿದ್ದರೆ ಗ್ರೈಂಡರಿನ ಕಿಡಿ ನೋಡಿ. ಎಂಎಸ್ ಆದರೆ ಕಿಡಿ ಉದ್ದ ಗೆರೆಯಾಗಿ ಹೋಗುತ್ತದೆ, ಸಿಡಿಯುವುದು ಕಡಿಮೆ. ಕಾರ್ಬನ್ ಜಾಸ್ತಿಯಿದ್ದರೆ ಕಿಡಿ ಬೇಗ ಕವಲೊಡೆದು ನಕ್ಷತ್ರ ನಕ್ಷತ್ರವಾಗಿ ಸಿಡಿಯುತ್ತದೆ. ಪಕ್ಕದಲ್ಲಿ ಗೊತ್ತಿರುವ ಒಂದು ತುಂಡನ್ನೂ ಹಿಡಿದು ಹೋಲಿಸಿದರೆ ಮೋಸ ಹೋಗುವುದಿಲ್ಲ. ಗಡಸುತನ ತಿಳಿಯಲು ಹೊಸ ಅರ ಹಾಕಿ ನೋಡಿ. ಅರ ಕಚ್ಚದೆ ಜಾರಿದರೆ ಅತಿ ಗಡಸು. ಬೆಣ್ಣೆಯಂತೆ ಕಚ್ಚಿದರೆ ಮೆತ್ತಗಿದೆ. ಟೂಲ್‌ಗೆ ಬೇಕಿರುವುದು ಎರಡರ ನಡುವೆ.

"ಎಂಎಸ್ಸನ್ನೇ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ್ದೀವಿ, ಆದರೂ ಬಾಗುತ್ತೆ" ಎಂಬ ದೂರು ಬರುತ್ತಲೇ ಇರುತ್ತದೆ. ಎಂಎಸ್‌ನಲ್ಲಿ ಕಾರ್ಬನ್ 0.25 ಶೇಕಡಾಕ್ಕಿಂತ ಜಾಸ್ತಿ ಇರುವುದಿಲ್ಲ, ಎಷ್ಟು ಅದ್ದಿದರೂ ಅದು ಟೂಲ್‌ಗೆ ಬೇಕಾದಷ್ಟು ಗಡಸಾಗುವುದಿಲ್ಲ. ಇಎನ್8 ದರ್ಜೆಯ ಉಕ್ಕು ತಗೊಳ್ಳಿ, ಅದರಲ್ಲಿ ಕಾರ್ಬನ್ 0.4 ಶೇಕಡಾ ಆಸುಪಾಸು ಇರುತ್ತದೆ. ಜೋರು ಬೀಳುವ ಶಾಫ್ಟ್, ಸ್ಕ್ರೂಗಳಿಗೆ ಇಎನ್24 ಇನ್ನೂ ಒಳ್ಳೆಯದು, ಅದರಲ್ಲಿ ನಿಕಲ್ ಮತ್ತು ಕ್ರೋಮಿಯಂ ಸೇರಿರುತ್ತದೆ.

ಕಮಾನು ಪಟ್ಟಿಯ ತುಂಡನ್ನು ಗಡಸು ಮಾಡುವುದಾದರೆ ಮ್ಯಾಗ್ನೆಟ್ ಹಿಡಿಯದ ಹಂತದವರೆಗೆ ಕಾಯಿಸಿ. ಅದು 770 ಡಿಗ್ರಿ ಆಸುಪಾಸು. ಅಲ್ಲಿಂದ ಇನ್ನೂ ಸ್ವಲ್ಪ ಮೇಲಕ್ಕೆ ಹೋಗಿ ಎಣ್ಣೆಗೆ ಅದ್ದಿ, ನೀರಿಗಲ್ಲ. ಅದ್ದಿದ ಮೇಲೆ ಹಾಗೇ ಬಳಸಿದರೆ ಪಟ್ಟನೆ ಮುರಿಯುತ್ತದೆ. ಒಂದು ಮುಖ ಉಜ್ಜಿ ಹೊಳಪು ಮಾಡಿ, ಮತ್ತೆ ನಿಧಾನ ಬಿಸಿ ಮಾಡುತ್ತಾ ಬಣ್ಣ ನೋಡಬೇಕು. ಹುಲ್ಲಿನ ತಿಳಿ ಹಳದಿ 220–230 ಡಿಗ್ರಿಗೆ, ಕಂದು 255ರ ಹತ್ತಿರ, ನೀಲಿ 300ರ ಹತ್ತಿರ. ಸಾಕೆಟ್ ಹಲ್ಲಿನಂಥ ಸವೆಯುವ ಜಾಗಕ್ಕೆ ಕಂದು ಸರಿ. ಪುಲ್ಲರ್ ಕಾಲಿಗೆ ನೀಲಿ ದಾಟಿ ಬೂದು ಬಣ್ಣಕ್ಕೆ ಬರಲಿ. ಕಾಲು ಸ್ವಲ್ಪ ಬಾಗಿದರೂ ಪರವಾಗಿಲ್ಲ, ಮುರಿದು ಹಾರಬಾರದು.

ಅಂದಕ್ಕೆಂದು ಗಡಸು ಟೂಲ್‌ಗೆ ಕ್ರೋಮ್ ಅಥವಾ ಜಿಂಕ್ ಪ್ಲೇಟಿಂಗ್ ಮಾಡಿಸಿ, ಮರುದಿನ ಕಡಿಮೆ ಭಾರಕ್ಕೇ ಮುರಿದುಕೊಂಡಿದ್ದರೆ ಕಾರಣ ಹೈಡ್ರೋಜನ್. ಪ್ಲೇಟಿಂಗ್ ತೊಟ್ಟಿಯಲ್ಲಿ ಅದು ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಪ್ಲೇಟಿಂಗ್ ಆದ ಕೂಡಲೇ 200 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಒಲೆಯಲ್ಲಿಟ್ಟರೆ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಎಣ್ಣೆ ಸವರಿ ಇಡಿ, ಪ್ಲೇಟಿಂಗ್ ಬೇಡ.

ಹಲ್ಲಿನ ಸಾಕೆಟ್ ನಟ್ಟಿನ ಕಚ್ಚನ್ನು ಕೆಡಿಸುತ್ತಿದೆ

ಬೈಕ್ ಕ್ಲಚ್ಚಿನ ನಾಲ್ಕು ಕಚ್ಚಿನ ನಟ್ಟಿಗೆ ಹಳೆಯ ಸಾಕೆಟ್ ಕತ್ತರಿಸಿ ಹಲ್ಲು ಮಾಡುವುದು ರೂಢಿ. ಕೆಡುವುದು ಎರಡು ಕಾರಣಕ್ಕೆ. ಗ್ರೈಂಡ್ ಮಾಡುವಾಗ ಹಲ್ಲು ನೀಲಿಯಾಗಿ ಮೆತ್ತಗಾಗಿರುತ್ತದೆ, ಆಗ ಹಲ್ಲು ಮಡಚಿಕೊಳ್ಳುತ್ತದೆ. ಅಥವಾ ಹಲ್ಲಿನ ಬದಿಗಳು ತುದಿಗೆ ಸಣ್ಣದಾಗುತ್ತಾ ಹೋಗಿರುತ್ತವೆ. ಆಗ ತಿರುಗಿಸಿದಾಗ ಸಾಕೆಟ್ ತಾನೇ ಮೇಲಕ್ಕೆ ಏರಿ ಕಚ್ಚಿನಿಂದ ಹೊರಗೆ ಬರುತ್ತದೆ. ಬದಿಗಳು ನೇರ ಇರಬೇಕು.

ಒಂದೇ ಹಲ್ಲು ಮುರಿದಿದ್ದರೆ ಮಾರ್ಕರ್ ಪರೀಕ್ಷೆ ಮಾಡಿ. ಕೈಯಲ್ಲಿ ಅಳೆದು ಕತ್ತರಿಸಿದ ಸಾಕೆಟ್‌ನಲ್ಲಿ ನಾಲ್ಕು ಹಲ್ಲು ಒಟ್ಟಿಗೆ ಮುಟ್ಟುವುದು ಅಪರೂಪ. ಮುಟ್ಟಿದ ಹಲ್ಲಿನ ಬದಿಯನ್ನು ಅರದಿಂದ ಚೂರು ಚೂರೇ ಉಜ್ಜುತ್ತಾ ನಾಲ್ಕೂ ಮುಟ್ಟುವಂತೆ ಮಾಡಬೇಕು. ಒಳಗೆ ಶಾಫ್ಟಿನ ತುದಿಗೆ ಕೂರುವ ಒಂದು ಬುಷ್ ಇಟ್ಟರೆ ಸಾಕೆಟ್ ಓರೆಯಾಗುವುದೂ ನಿಲ್ಲುತ್ತದೆ. ಇಂಪ್ಯಾಕ್ಟ್ ಗನ್ನಿಗೆ ಕೈ ಸಾಕೆಟ್ಟಿನಿಂದ ಮಾಡಿದ ಟೂಲ್ ಹಾಕಬೇಡಿ. ಹಲ್ಲು ಸಿಡಿದರೆ ಕಣ್ಣಿಗೇ ಬರುತ್ತದೆ.

ಬುಷ್ ಓರೆ ಹೋಗುತ್ತಿದೆ, ಹೊಸ ಬೇರಿಂಗ್ ಸದ್ದು ಮಾಡುತ್ತಿದೆ

ಹೊಸ ಬೇರಿಂಗ್ ಹಾಕಿದ ಗಾಡಿ ವಾರದಲ್ಲೇ ಗುಂಯ್ ಎನ್ನುತ್ತಾ ವಾಪಸ್ ಬಂದರೆ ಬೇರಿಂಗ್ ಬಿಚ್ಚಿ ಟ್ರ್ಯಾಕ್ ನೋಡಿ. ಗುಂಡುಗಳ ನಡುವಿನ ಅಂತರಕ್ಕೆ ಸರಿಯಾಗಿ ಸಾಲುಸಾಲು ಗುಳಿ ಬಿದ್ದಿದ್ದರೆ ತಪ್ಪು ಡ್ರಿಫ್ಟಿನದು. ಹೊಡೆತ ಗುಂಡುಗಳ ಮೂಲಕ ಹೋಗಿದೆ. ಶಾಫ್ಟಿಗೆ ಕೂರಿಸುವಾಗ ಒಳರಿಂಗ್ ಮೇಲೆ, ಹೌಸಿಂಗಿಗೆ ಕೂರಿಸುವಾಗ ಹೊರರಿಂಗ್ ಮೇಲೆ ಮಾತ್ರ ಒತ್ತಬೇಕು. ಎರಡೂ ಒಟ್ಟಿಗೆ ಬಿಗಿಯಿದ್ದರೆ ಎರಡನ್ನೂ ಮುಟ್ಟುವ ಚಪ್ಪಟೆ ಪ್ಲೇಟ್ ಬೇಕು.

ಬುಷ್ ಓರೆ ಹೋಗುವುದಕ್ಕೆ ಡ್ರಿಫ್ಟಿನ ಪೈಲಟ್ ಗಿಡ್ಡವಾಗಿರುವುದು ಕಾರಣ. ಬುಷ್ ಒಳಗೆ ಹೋಗುವ ಭಾಗ ಬುಷ್ಷಿನಷ್ಟೇ ಉದ್ದ ಇರಲಿ. ಒತ್ತುವ ಭುಜದ ಅಳತೆ ಬುಷ್ಷಿನ ಹೊರಅಳತೆಗಿಂತ 0.3 ಮಿಮೀ ಕಡಿಮೆ ಇರಲಿ, ಇಲ್ಲದಿದ್ದರೆ ಅದೂ ಹೌಸಿಂಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಲೇತ್ ಹಳೆಯದಾಗಿ ಬೆಡ್ ಸವೆದಿದ್ದರೆ ಉದ್ದ ಡ್ರಿಫ್ಟ್ ಒಂದು ತುದಿಗೆ ದಪ್ಪವಾಗಿ ಬರುತ್ತದೆ. ಲೇತ್ ಶಾಪಿನಿಂದ ತರುವಾಗಲೇ ಎರಡೂ ತುದಿಗೆ ವರ್ನಿಯರ್ ಹಿಡಿದು ನೋಡಿ.

ಟೈಮಿಂಗ್ ಪಿನ್

ಟೈಮಿಂಗ್ ಇಡಲು, ಅಂದರೆ ಎಂಜಿನ್ನಿನ ಕ್ರ್ಯಾಂಕ್ ಮತ್ತು ಕ್ಯಾಮ್ ಶಾಫ್ಟನ್ನು ಹೊಂದಿಸಿ ನಿಲ್ಲಿಸಲು, ಡ್ರಿಲ್ ಬಿಟ್ಟನ್ನೇ ಪಿನ್ ಮಾಡಿಕೊಂಡವರಿದ್ದಾರೆ. ಗಾಡಿ ಎಳೆತ ಕಡಿಮೆ, ಟೈಮಿಂಗ್ "ಸರಿಯಾಗಿಯೇ" ಇಟ್ಟಿದ್ದೇವೆ ಎಂದರೆ ಪಿನ್ನಿನ ಸಡಿಲ ಅಳೆಯಿರಿ. ತೂತು 6.5, ಪಿನ್ 6 ಮಿಮೀ ಇದ್ದರೆ ಅರ್ಧ ಮಿಮೀ ಆಟ. ಫ್ಲೈವೀಲಿನ ಅಂಚಿನಲ್ಲಿ, ಮಧ್ಯದಿಂದ 130 ಮಿಮೀ ದೂರದಲ್ಲಿ, ಅದು ಕಾಲು ಡಿಗ್ರಿಯೂ ಆಗುವುದಿಲ್ಲ. ಅದೇ ಆಟ ಕ್ಯಾಮ್ ಶಾಫ್ಟಿನಲ್ಲಿ, ಮಧ್ಯದಿಂದ 20 ಮಿಮೀ ದೂರದಲ್ಲಿದ್ದರೆ ಸುಮಾರು ಒಂದೂವರೆ ಡಿಗ್ರಿ. ಕ್ರ್ಯಾಂಕಿನ ಲೆಕ್ಕದಲ್ಲಿ ಅದು 3 ಡಿಗ್ರಿಗೆ ಹತ್ತಿರ. ಕ್ಯಾಮ್ ಪಿನ್ನನ್ನು ತೂತಿಗೆ ಸರಿಯಾಗಿ ತಿರುಗಿಸಿಯೇ ಮಾಡಿಸಬೇಕು. ಮತ್ತೆ, ಟೈಮಿಂಗ್ ಪಿನ್ ಜಾಗ ತೋರಿಸುವುದಕ್ಕೆ ಮಾತ್ರ. ಅದನ್ನೇ ಆಸರೆ ಮಾಡಿಕೊಂಡು ಪುಲ್ಲಿ ಬೋಲ್ಟ್ ಬಿಚ್ಚಿದರೆ ಪಿನ್ ಮುರಿದು ಒಳಗೇ ಉಳಿಯುತ್ತದೆ.

ಟಾರ್ಕ್ ರೆಂಚಿಗೆ ಮಾಡಿಸಿದ ಎಕ್ಸ್‌ಟೆನ್ಷನ್

ಸಾಕೆಟ್ ಹೋಗದ ಜಾಗಕ್ಕೆ ಮುಂದಕ್ಕೆ ಚಾಚುವ ಪಟ್ಟಿ ಮಾಡಿಸಿ, ರೆಂಚನ್ನು ಹಳೆಯ ಅಂಕಿಗೇ ಇಟ್ಟರೆ ಬೋಲ್ಟ್ ಜಾಸ್ತಿ ಬಿಗಿಯುತ್ತದೆ. ರೆಂಚಿನ ಹಿಡಿಯ ಮಧ್ಯದಿಂದ ಚೌಕದವರೆಗೆ 400 ಮಿಮೀ, ಪಟ್ಟಿ 100 ಮಿಮೀ ಇದ್ದರೆ, 100 ನ್ಯೂಟನ್ ಮೀಟರ್ ಬೇಕಾದಾಗ ರೆಂಚನ್ನು 80ಕ್ಕೆ ಇಡಬೇಕು. 100ಕ್ಕೇ ಇಟ್ಟರೆ ಬೋಲ್ಟಿಗೆ ಬೀಳುವುದು 125. ಪಟ್ಟಿಯನ್ನು ರೆಂಚಿಗೆ 90 ಡಿಗ್ರಿ ಅಡ್ಡ ಹಿಡಿದರೆ ಈ ತಿದ್ದುಪಡಿ ಬೇಡ. ಪಟ್ಟಿಯ ಮೇಲೆ ಅದರ ಉದ್ದವನ್ನು ಕೊರೆದಿಡಿ.

ಮಾಡಿಸಲೇಬಾರದ್ದು

ಕಾರಿನ ಸ್ಟ್ರಟ್ ಸ್ಪ್ರಿಂಗ್ ಒತ್ತುವ ಕಂಪ್ರೆಸರ್, ಗಾಡಿಯ ಕೆಳಗೆ ಇಡುವ ಸ್ಟ್ಯಾಂಡ್. ಇವೆರಡನ್ನು ಎಷ್ಟು ದುಬಾರಿಯಾದರೂ ಕೊಂಡು ತನ್ನಿ. ಒತ್ತಿದ ಸ್ಪ್ರಿಂಗಿನ ಕೊಕ್ಕೆ ಜಾರಿದರೆ ದೋಷ ಹುಡುಕಲು ಕೂರುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಪ್ರೆಸ್ಸಿನಲ್ಲಿ ಬೇರಿಂಗ್ ಒತ್ತುವಾಗಲೂ ಸುತ್ತ ದಪ್ಪ ಗೋಣಿಯೋ ರಬ್ಬರ್ ಮ್ಯಾಟೋ ಕಟ್ಟಿ, ಪಕ್ಕಕ್ಕೆ ನಿಲ್ಲಿ. ಹೊರರಿಂಗ್ ಸಿಡಿದರೆ ಚೂರು ದೂರ ಹಾರುತ್ತದೆ.

ಬಿರುಕು ಬಿಟ್ಟದ್ದು, ಹಿಗ್ಗಿದ್ದು, ಹದ ಕೆಟ್ಟದ್ದು ಎಂದು ಗೊತ್ತಾದ ಟೂಲನ್ನು ಮೂಲೆಗೆ ಎಸೆಯಬೇಡಿ, ಯಾರೋ ಹುಡುಗ ಅವಸರಕ್ಕೆ ಎತ್ತಿಕೊಳ್ಳುತ್ತಾನೆ. ಹಾಗೇ ಗುಜರಿಗೂ ಹಾಕಬೇಡಿ. ಅಲ್ಲಿಂದ ಅದು ತೂಕದ ಲೆಕ್ಕದಲ್ಲಿ ಇನ್ನೊಂದು ಗ್ಯಾರೇಜಿಗೆ ಹೋಗುತ್ತದೆ, ಅದಕ್ಕೆ ಹೊಸ ಬಣ್ಣವೂ ಬಂದಿರುತ್ತದೆ. ಗ್ಯಾಸ್ ಕಟ್ಟರಿನಲ್ಲಿ ಎರಡು ತುಂಡು ಮಾಡಿ ಹಾಕಿ.